ಸೆರಗಿಗೆ ಕಟ್ಟಿದ ಮಗು

ನಮ್ಮ ಮನೆಯಲ್ಲಿ ಮುದ್ದೆ ಕಳುವಾಗತೊಡಗಿತು.

ಬೆಣ್ಣೆ ಕದ್ದವರನ್ನು ಕಂಡಿದ್ದೇನೆ, ಬೆಲ್ಲ ಕದ್ದವರನ್ನೂ ಕಂಡಿದ್ದೇನೆ. ಆರಿದ ರಾಗಿಮುದ್ದೆ ಕದಿಯುವವರನ್ನು ಮಾತ್ರ ನನ್ನ ಐವತ್ತು ವರ್ಷದಲ್ಲಿ ಕಂಡಿರಲಿಲ್ಲ. ನಾಯಿಯೇ ಮೂಸಿ ನೋಡಿ ಮುಂದೆ ಹೋಗುವಂಥ ಪದಾರ್ಥ ಅದು. ಬೆಳಗ್ಗೆ ಮಿಕ್ಕಿದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಕಳ್ಳರು ಹುಷಾರಾಗುತ್ತಾರೆ. ಸುಮ್ಮನೆ ಕಣ್ಣಿಟ್ಟೆ.

ನನ್ನ ಹೆಸರು ಲಕ್ಷ್ಮೀದೇವಮ್ಮ. ಹೊಸಕೋಟೆ ತಾಲ್ಲೂಕಿನಲ್ಲಿ ಸೂಲಿಬೆಲೆಗೆ ಎರಡು ಮೈಲಿ ದೂರದ ಹಳ್ಳಿ ನಮ್ಮದು. ನನಗೆ ಓದುಬರಹ ಬಾರದು. ನಾನು ಹೇಳಿದ್ದನ್ನು ಊರಿನ ಶಾಲೆಯ ಮೇಷ್ಟ್ರು ಬರೆದುಕೊಂಡು, ತಿದ್ದಿ, ಈ ಕಾಗದಕ್ಕೆ ತಂದಿದ್ದಾರೆ. ನನ್ನ ಬೈಗುಳಗಳನ್ನು ತೆಗೆದುಹಾಕಿದ್ದಾರಂತೆ. ಅವು ಇದ್ದಿದ್ದರೆ ನಾನು ಎಂಥವಳೆಂದು ನಿಮಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಅನುಮಾನ ನನ್ನ ಹುಟ್ಟುಗುಣ. ‘ಅನುಮಾನಂ ಪೆದ್ದ ರೋಗಂ’ ಎಂದು ನಮ್ಮ ಕಡೆ ತೆಲುಗಿನಲ್ಲಿ ಗಾದೆ ಹೇಳುತ್ತಾರೆ. ಅದು ದೊಡ್ಡ ರೋಗವೇ ಸರಿ, ನನಗೆ ಅದು ಬಲವಾಗಿ ಹಿಡಿದಿತ್ತು.

ಒಂದು ದಿನ ಅಟ್ಟದಿಂದ ಇರುವೆ ಸಾಲು ಇಳಿಯುತ್ತಿತ್ತು. ಏಣಿ ಹಾಕಿ ಹತ್ತಿ ನೋಡಿದೆ. ಹಳೆಯ ಬಟ್ಟೆಯಲ್ಲಿ ಹದಿನಾಲ್ಕು ಮುದ್ದೆ, ಒಣಗಿ ಕಲ್ಲಾಗಿದ್ದವು. ಪಕ್ಕದಲ್ಲಿ ನೀರು ತುಂಬಿ ಬಿರಡೆ ಹಾಕಿದ ಒಂದು ಸೋರೆಬುರುಡೆ. ಬಟ್ಟೆಯ ಗಂಟು ನೋಡಿದೊಡನೆ ಗೊತ್ತಾಯಿತು. ಅದು ಅಂಜಿನಮ್ಮ ಕಟ್ಟುವ ಗಂಟು.

ಅಂಜಿನಮ್ಮ ನನ್ನ ಓರಗಿತ್ತಿ, ಮೈದುನ ಗೋಪಾಲಪ್ಪನ ಹೆಂಡತಿ. ಗೋಪಾಲಪ್ಪ ಹತ್ತು ವರ್ಷದ ಹಿಂದೆ ಬರ್ಮಾ ದೇಶದ ರಂಗೂನಿಗೆ ಹೋಗಿ, ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ನಡುವೆ ಒಮ್ಮೆ ಬಂದು, ಚನ್ನರಾಯಪಟ್ಟಣದ ಕಡೆಯ ಈ ಹುಡುಗಿಯನ್ನು ಮದುವೆಯಾಗಿ ಕರೆದುಕೊಂಡು ಹೋದ. ಆಮೇಲೆ ಯುದ್ಧ ಬಂತು. ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರೆಂದು ಸಂತೆಯಲ್ಲಿ ಕೇಳಿದೆವು. ಆರು ತಿಂಗಳು ಕಾಗದವಿಲ್ಲ. ಮುಂಗಾರು ಬೀಳುವ ಹೊತ್ತಿಗೆ ಅಂಜಿನಮ್ಮ ಬಂದಳು. ಕಾಲಲ್ಲಿ ಚಪ್ಪಲಿಯಿಲ್ಲ. ತಲೆ ಬೋಳಿಸಿದ ಏಳು ವರ್ಷದ ಮಗಳು ಪಿಳ್ಳಮ್ಮ ಜೊತೆಗಿದ್ದಳು.

ಗೋಪಾಲಪ್ಪ ಬರಲಿಲ್ಲ.

"ಎಲ್ಲೇ ಅವ್ನು?" ಎಂದು ನಾನು ಬಾಗಿಲಲ್ಲೇ ಕೇಳಿದೆ. ಕಾಲಿಗೆ ನೀರು ಕೊಡುವುದಕ್ಕೂ ಮುಂಚೆ ಕೇಳಿದೆ. ಅವಳು ನೆಲ ನೋಡಿದಳು. ಹಣೆಯಲ್ಲಿ ಕುಂಕುಮ ಇತ್ತು, ಕೊರಳಲ್ಲಿ ತಾಳಿ ಇತ್ತು.

ಅಂದಿನಿಂದ ನಾಲ್ಕು ತಿಂಗಳು ಅದೇ ಪ್ರಶ್ನೆ ಕೇಳುತ್ತಲೇ ಬಂದೆ. ಸತ್ತಿದ್ದರೆ ಕುಂಕುಮ ಯಾಕೆ? ಬದುಕಿದ್ದರೆ ಎಲ್ಲಿ? ಹೇಳುವುದಕ್ಕೆ ಏನು ಕಷ್ಟ? ಒಳ್ಳೆಯ ವಿಷಯವಾಗಿದ್ದರೆ ಯಾರು ಮುಚ್ಚಿಡುತ್ತಾರೆ? ಗಂಡನನ್ನು ದಾರಿಯಲ್ಲಿ ಬಿಟ್ಟು ತನ್ನ ಜೀವ ಉಳಿಸಿಕೊಂಡು ಬಂದವಳು ಎಂದು ನನ್ನ ಮನಸ್ಸು ತೀರ್ಪು ಕೊಟ್ಟಿತ್ತು. ಗೋಪಾಲಪ್ಪ ನನಗೆ ಬರೀ ಮೈದುನನಲ್ಲ. ನಾಲ್ಕು ವರ್ಷದವನಿದ್ದಾಗಿನಿಂದ ನನ್ನ ಕೈತುತ್ತು ತಿಂದು ಬೆಳೆದವನು.

ಮುದ್ದೆಯ ಗಂಟನ್ನು ತಂದು ಅವಳ ಮುಂದೆ ಇಟ್ಟೆ.

"ಏನೇ ಇದು? ಇಲ್ಲಿ ನಿಂಗೆ ಹೊಟ್ಟೆಗೆ ಕಮ್ಮಿ ಮಾಡಿದ್ದೀನೇನೆ?"

"ಇಲ್ಲ ಅಕ್ಕ."

"ಮತ್ತೆ ಯಾರಿಗೆ ಕಟ್ಟಿಟ್ಟಿದ್ದೀಯ? ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲ ಅಕ್ಕ. ಹೋಗ್ಬೇಕಾಗಿ ಬಂದ್ರೆ ಅಂತ."

ಹೋಗಬೇಕಾಗಿ ಬಂದರೆ! ಎಲ್ಲಿಗೆ, ಯಾರ ಜೊತೆಗೆ? ನನ್ನ ಅನುಮಾನಕ್ಕೆ ಇನ್ನೊಂದು ಕೊಂಬು ಬಂತು.

ಆಮೇಲೆ ಒಲೆಯ ಪ್ರಸಂಗ. ಬೆಂಗಳೂರಿನ ಕಡೆಯಿಂದ ವಿಮಾನಗಳು ನಮ್ಮ ಊರ ಮೇಲೆ ಹಾರಾಡುವುದು ಆಗ ತಾನೇ ಶುರುವಾಗಿತ್ತು. ಮಕ್ಕಳು ಹೋ ಎಂದು ಬೀದಿಗೆ ಓಡುತ್ತಿದ್ದವು. ಒಂದು ಮಧ್ಯಾಹ್ನ ಆ ಸದ್ದು ಕೇಳಿದ್ದೇ ತಡ, ಅಂಜಿನಮ್ಮ ಹಿತ್ತಲಿನಿಂದ ಓಡಿಬಂದು ಉರಿಯುವ ಒಲೆಗೆ ಒಂದು ಬಿಂದಿಗೆ ನೀರು ಸುರಿದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಮನೆಯೆಲ್ಲ ಹೊಗೆ, ಬೂದಿ. ಉರಿಯುವ ಒಲೆಗೆ ನೀರು ಹಾಕುವುದು ಸೂತಕದ ಮನೆಯಲ್ಲಿ ಮಾತ್ರ ಎಂದು ನಂಬಿದವಳು ನಾನು. ಮುಂದಿನ ಮನೆಯ ಆವಲಪ್ಪನ ತನಕ ಕೇಳುವಂತೆ ಬಾಯಿ ಮಾಡಿದೆ.

ಆವಲಪ್ಪನಿಗೆ ಇಷ್ಟೇ ಸಾಕಾಗಿತ್ತು. ಅವನು ಸಂತೆಗೆ ಹೋದರೆ ಸೊಪ್ಪು ಮರೆತಾನು, ಸುದ್ದಿ ಮರೆಯಲಾರ.

"ಅಕ್ಕಯ್ಯ, ಹೇಳ್ತೀನಿ ಅಂತ ಬೇಜಾರು ಮಾಡ್ಕೊಬೇಡ" ಎಂದು ಜಗಲಿಯ ಮೇಲೆ ಕುಳಿತ. "ಏರೋಪ್ಲೇನು ಬಂದಾಗ ನಿಮ್ಮೋಳು ಬೇಲಿ ಹತ್ರ ನಿಂತ್ಕೊಂಡು ಬಿಳೀ ಪಂಚೆ ಆಡಿಸ್ತಿದ್ಲು. ನಾನೇ ಈ ಕಣ್ಣಾರೆ ಕಂಡೆ."

"ಆಡಿಸಿದ್ರೆ ಏನೋ?"

"ಏನೋ ಅಂತೀಯಲ್ಲ! ಮೇಲಿರೋರಿಗೆ ಸನ್ನೆ. ಜಪಾನ್‌ನೋರು ಹಿಂಗೇ ಹೆಂಗಸರನ್ನ ಬಿಟ್ಟವ್ರಂತೆ. ಮೊದ್ಲು ಹೊಗೆ ಎಬ್ಬಿಸೋದು, ಆಮೇಲೆ ಬಿಳೀ ಬಟ್ಟೆ ತೋರ್ಸೋದು. ಸಂತೇಲಿ ಅಂತಿದ್ರು."

ನನ್ನ ಗಂಡ ಅಪ್ಪಯ್ಯಣ್ಣ ಎತ್ತಿಗೆ ಹುಲ್ಲು ಹಾಕುತ್ತಿದ್ದವರು ತಿರುಗಿ, "ಜಪಾನ್ ರಾಜಂಗೆ ನಮ್ಮನೆ ಹುರುಳಿಕಾಳೇ ಬೇಕಾಗಿತ್ತೇನ್ಲಾ?" ಎಂದರು. ಆವಲಪ್ಪ ನಗಲಿಲ್ಲ. ನಾನೂ ನಗಲಿಲ್ಲ.

ಇದೇ ಹೊತ್ತಿಗೆ ಸೂಲಿಬೆಲೆಯಿಂದ ನರ್ಸಮ್ಮ ಬಂದರು. ಹೆಸರು ಮುನಿವೆಂಕಟಮ್ಮ. ಹೆರಿಗೆ ಮಾಡಿಸುವುದು, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವುದು ಅವರ ಕೆಲಸ. ಪಿಳ್ಳಮ್ಮನ ತೋಳು ಹಿಡಿದವರು, ಅವಳ ಸೊಂಟದ ಕಡೆ ನೋಡಿದರು. ಮಗುವಿನ ಸೊಂಟಕ್ಕೆ ಬಟ್ಟೆಯ ಉದ್ದ ಪಟ್ಟಿಯೊಂದನ್ನು ಕಟ್ಟಿತ್ತು. ಅದರ ಇನ್ನೊಂದು ತುದಿ ಅಂಜಿನಮ್ಮನ ಸೆರಗಿಗೆ ಗಂಟಾಗಿತ್ತು. ಎರಡು ಮಾರು ಉದ್ದವಿರಬೇಕು. ನೀರಿಗೆ ಹೋದರೂ ಅದು, ಹೊಲಕ್ಕೆ ಹೋದರೂ ಅದು, ಮಲಗಿದರೂ ಅದು. ನಾನು ಅದಕ್ಕೆ ಕರುವಿನ ಹಗ್ಗ ಎಂದು ಹೆಸರಿಟ್ಟಿದ್ದೆ. ಹಿಂದಿನ ವಾರ ಈಳಿಗೆಮಣೆ ತಂದು ಕೊಯ್ದು ಹಾಕಲು ಹೋಗಿದ್ದೆ. ಆಗ ಅಂಜಿನಮ್ಮ ಕಿರುಚಿದ ಕಿರುಚು ಕೇಳಿ ಕೊಟ್ಟಿಗೆಯ ದನ ಹಗ್ಗ ಜಗ್ಗಿದ್ದವು. ಬಿಟ್ಟುಬಿಟ್ಟೆ.

ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಈಯಮ್ಮ ಬರ್ಮಾದಿಂದ ಬಂದೋರಾ?"

"ನಿಮಗ್ಯಾರು ಹೇಳಿದ್ರು?" ಎಂದೆ. ಸರ್ಕಾರದವರು ಕೇಳಿದ್ದಕ್ಕೆ ತಟಕ್ಕನೆ ಉತ್ತರ ಕೊಡುವ ಜಾಯಮಾನ ನನ್ನದಲ್ಲ.

"ಯಾರೂ ಹೇಳ್ಬೇಕಾಗಿಲ್ಲ. ಬೆಂಗಳೂರಲ್ಲಿ ಅಲ್ಲಿಂದ ಬಂದೋರಿಗೆ ಒಂದು ಶಿಬಿರ ಮಾಡಿದ್ರು. ಎರಡು ತಿಂಗಳು ಅಲ್ಲಿ ಕೆಲಸ ಮಾಡಿದ್ದೆ. ಕಾಡು, ಬೆಟ್ಟ ನಡೆದು ಬಂದೋರು. ಅನ್ನ ಬಚ್ಚಿಡೋರು, ಸದ್ದು ಕೇಳಿದ್ರೆ ಮಂಚದ ಕೆಳಗೆ ಹೋಗೋರು, ಮೂರು ದಿನ ಆದ್ರೂ ರೆಪ್ಪೆ ಮುಚ್ಚದೋರು. ಇವರು ಮನೆಗೆ ಬಂದ್ರೂ ಇನ್ನೂ ಬಂದಿಲ್ಲ ಲಕ್ಷ್ಮೀದೇವಮ್ನೋರೆ. ದಾರೀಲೇ ಅವ್ರೆ."

"ಸುಮ್ನಿರಿ. ಹುಚ್ಚು ಅಂತ ಹೇಳೋಕೆ ಇಷ್ಟು ಸುತ್ತು ಬಳಸ್ಬೇಕಾ?"

"ಹುಚ್ಚಲ್ಲ. ಗಾಯ. ಮೈಗೆ ಆಗಿದ್ರೆ ನಿಮಗೆ ಕಾಣ್ತಿತ್ತು."

ಅವರು ಅತ್ತ ಹೋದ ಮೇಲೆ ಯೋಚಿಸಿದೆ. ಈ ನರ್ಸಮ್ಮನಿಗೆ ಅವಳ ಮೇಲೆ ಇಷ್ಟೊಂದು ಕರುಣೆ ಯಾಕೆ? ಇಬ್ಬರಿಗೂ ಮೊದಲೇ ಗುರುತು ಇರಬೇಕು. ನೋಡಿ, ಅನುಮಾನ ಹಿಡಿದವಳಿಗೆ ಒಳ್ಳೆಯ ಮಾತು ಹೇಳಿದವರೂ ಕಳ್ಳರ ಜೊತೆಗಾರರೇ.

ಇನ್ನು ಆ ದಿನದ ವಿಷಯ.

ಭಾದ್ರಪದ ಮುಗಿಯುತ್ತಿತ್ತು. ಹೊಸ ರಾಗಿ ಕೈಗೆ ಬರಲು ಎರಡು ತಿಂಗಳಿತ್ತು, ಮನೆಯ ರಾಗಿ ತಳ ಕಂಡಿತ್ತು. ಅಂಗಳದ ಹಗೇವು ತೆಗೆಯಬೇಕಾಯಿತು. ಪಟ್ಟಣದವರಿಗೆ ತಿಳಿಯದಿದ್ದರೆ ಹೇಳುತ್ತೇನೆ. ಹಗೇವು ಎಂದರೆ ನೆಲದೊಳಗೆ ತೋಡಿದ ರಾಗಿಯ ಗುಂಡಿ. ಒಳಗೆ ಗಡಿಗೆಯಂತೆ ಅಗಲ, ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ. ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಬಾಯಿ ತೆರೆದು, ಒಂದು ದಿನ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತೇವೆ. ದೀಪ ಆರಿದರೆ ಇನ್ನೂ ಕಾಯಬೇಕು. ಅವಸರ ಮಾಡಿ ಇಳಿದವರು ಮೇಲೆ ಬಂದಿಲ್ಲ. ನಮ್ಮ ಕಡೆ ಮಗುವಿಗೂ ಇದು ಗೊತ್ತು.

ರಂಗೂನಿನಲ್ಲಿ ಬೆಳೆದ ಮಗುವಿಗೆ ಗೊತ್ತಿಲ್ಲ. ಅಂಜಿನಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಆ ದಿನ ಅವಳ ತಲೆಯಲ್ಲಿ ವಿಮಾನದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಬೆಳಗ್ಗೆ ಹತ್ತು ಗಂಟೆಯ ಬಿಸಿಲು. ಹಗೇವು ಹೋದ ವರ್ಷವೇ ಅರ್ಧ ಖಾಲಿಯಾಗಿತ್ತು. ಅಪ್ಪಯ್ಯಣ್ಣನೂ ಆವಲಪ್ಪನೂ ಸನಿಕೆ ಹಾಕಿ ಚಪ್ಪಡಿ ಸರಿಸಿದರು. ಕೆಲಸಕ್ಕೆಂದು, ನೋಡಲೆಂದು ಹತ್ತು ಹದಿನೈದು ಜನ ಸೇರಿದ್ದರು. ಜನ ಸೇರಿದ್ದು ನೋಡಿ ಆವಲಪ್ಪನಿಗೆ ಬಾಯಿ ಕಡಿಯಿತು.

"ಅಣ್ಣಯ್ಯ, ಎಲ್ರೂ ಇದ್ದೀವಿ. ಇವತ್ತು ಒಂದು ಇತ್ಯರ್ಥ ಆಗೋಗ್ಲಿ. ಈಯಮ್ಮ ಯಾರು, ಗಂಡನ್ನ ಏನ್ಮಾಡಿದ್ಲು, ಬಾಯಿ ಬಿಟ್ಟು ಹೇಳ್ಲಿ. ಇಲ್ಲ ಅಂದ್ರೆ ಚನ್ನರಾಯಪಟ್ಟಣಕ್ಕೆ ಗಾಡಿ ಕಟ್ಟಿ. ನಾಳೆ ಪೊಲೀಸ್ನೋರು ಬಂದು ಊರಿಗೆ ಊರನ್ನೇ ಎಳ್ಕೊಂಡೋದ್ರೆ?"

"ಅಲ್ಲಿ ಅವ್ಳಿಗೆ ಯಾರವ್ರೆ? ಅಪ್ಪ ಅಮ್ಮ ಇಬ್ರೂ ಹೋದ್ರು" ಎಂದರು ನನ್ನ ಗಂಡ.

"ಅದು ನಮ್ಮ ತಲೆನೋವಾ?"

ಅಂಜಿನಮ್ಮ ಮೂಲೆಯಲ್ಲಿ ಮೊರ ಹಿಡಿದು ನಿಂತಿದ್ದಳು. ನಾನು ಮುಂದೆ ಹೋದೆ. ಹತ್ತು ಜನರ ಮುಂದೆ ಕೇಳಿದರೆ ಹೇಳಲೇಬೇಕಾಗುತ್ತದೆ ಎಂಬುದು ನನ್ನ ಲೆಕ್ಕ. ಮೊರ ಕಿತ್ತುಕೊಂಡು ಕೇಳಿದೆ.

"ಹೇಳೇ. ನನ್ನ ಮೈದುನನ್ನ ಎಲ್ಲಿ ಬಿಟ್ಟು ಬಂದೆ? ಸತ್ನಾ, ಇದಾನಾ? ಹೇಳ್ದಿದ್ರೆ ಇವತ್ತು ಈ ಹೊಸ್ತಿಲು ದಾಟು."

ಅವಳ ತುಟಿ ಅಲುಗಿತು. ಏನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ದಕ್ಷಿಣದ ಕಡೆಯಿಂದ ಆ ಸದ್ದು ಬಂತು. ಒಂದಲ್ಲ, ಮೂರು ವಿಮಾನ, ತೆಂಗಿನ ಮರದ ಮೇಲೇ ಬಂದವು ಎನ್ನುವಷ್ಟು ಕೆಳಗೆ.

ಅಂಜಿನಮ್ಮ ನನ್ನನ್ನು ತಳ್ಳಿದಳು. ಬೇಲಿಯ ಮೇಲೆ ಒಣಗುತ್ತಿದ್ದ ಬಿಳಿ ಪಂಚೆಯನ್ನು ಎಳೆದು ಮುದ್ದೆ ಮಾಡಿ ಹುಲ್ಲಿನೊಳಗೆ ತುರುಕಿದಳು. ಆಗ ಕಣ್ಣಿಗೆ ಬಿತ್ತು: ಅವಳು ಪಂಚೆ ಆಡಿಸುತ್ತಿರಲಿಲ್ಲ, ಮೇಲಿನವರ ಕಣ್ಣಿಗೆ ಬೀಳದಂತೆ ಅಡಗಿಸುತ್ತಿದ್ದಳು. ಅಂದು ಒಲೆಗೆ ನೀರು ಸುರಿದದ್ದೂ ಹೊಗೆ ಕಾಣದಿರಲೆಂದೇ. "ಮಲಕ್ಕೊಳ್ಳಿ, ಮಲಕ್ಕೊಳ್ಳಿ" ಎಂದು ನಮಗೆಲ್ಲ ಕೂಗಿದಳು. ಪಿಳ್ಳಮ್ಮನನ್ನು ಎತ್ತಿಕೊಂಡು ಸುತ್ತ ನೋಡಿದಳು. ನೆಲದಲ್ಲಿ ಬಾಯಿ ತೆರೆದ ಗುಂಡಿ ಕಂಡಿತು. ನಾವು "ಬ್ಯಾಡ" ಎನ್ನುವಷ್ಟರಲ್ಲಿ ಮಗುವನ್ನು ಅದರೊಳಗೆ ಇಳಿಬಿಟ್ಟಳು. ತಾನೂ ಕಾಲು ಇಳಿಸಿದಳು.

ನಾನು ಹೋಗಿ ಅವಳ ತುರುಬು ಹಿಡಿದುಕೊಂಡೆ. ನಿಜ ಹೇಳುತ್ತೇನೆ, ಕಾಪಾಡಲೆಂದು ಹಿಡಿದೆನೋ ಸಿಟ್ಟಿಗೆ ಹಿಡಿದೆನೋ ನನಗೇ ತಿಳಿಯದು. ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ಒಳಗಿನಿಂದ ಪಿಳ್ಳಮ್ಮ "ಅಮ್ಮಾ" ಎಂದಳು. ಇನ್ನೊಂದು ಸಲ ಎನ್ನಲಿಲ್ಲ.

"ಯಾರೂ ಇಳೀಬ್ಯಾಡಿ!" ಎಂದು ಕೂಗುತ್ತ ನನ್ನ ಗಂಡ ಹಗೇವಿನ ಬಾಯಿಗೆ ಬೋರಲು ಬಿದ್ದರು. ಕೈ ಇಳಿಸಿದರು, ಮಗು ಸಿಗಲಿಲ್ಲ. ಆಗ ಅವರ ಕೈಗೆ ಸಿಕ್ಕಿದ್ದು ಆ ಪಟ್ಟಿ. ಅಂಜಿನಮ್ಮನ ಸೆರಗಿನಿಂದ ಹೊರಟು ಗುಂಡಿಯೊಳಗೆ ಬಿಗಿಯಾಗಿ ಇಳಿದಿತ್ತು. ಅವರೂ ಆವಲಪ್ಪನೂ ಸೇರಿ, ಬಾವಿಯಿಂದ ಕೊಡ ಸೇದುವಂತೆ ಮಗುವನ್ನು ಮೇಲಕ್ಕೆ ಸೇದಿದರು. ಗಂಟು ಬಿಚ್ಚಿಕೊಳ್ಳಲಿಲ್ಲ.

ಮಗುವಿನ ಮುಖ ಬೂದಿ ಬಣ್ಣವಾಗಿತ್ತು. ಗಾಳಿಗೆ ಮಲಗಿಸಿ, ಎದೆ ಉಜ್ಜಿ, ಮೊರದಲ್ಲಿ ಬೀಸಿದೆವು. ಎಷ್ಟು ಹೊತ್ತು ಬೀಸಿದೆನೋ. ಕಡೆಗೆ ಕೆಮ್ಮಿತು. ಕಣ್ಣು ಬಿಟ್ಟು ನನ್ನನ್ನೇ ನೋಡಿ, "ದೊಡ್ಡಮ್ಮ, ಬೈಬೇಡ" ಎಂದಿತು.

ಆ ಮಾತು ಈಗಲೂ ನನ್ನ ಎದೆಯಲ್ಲಿದೆ. ಸಾವಿನ ಬಾಯಿಂದ ಬಂದ ಮಗುವಿಗೆ ಮೊದಲು ನೆನಪಾದದ್ದು ನನ್ನ ಬೈಗುಳ. ಈಳಿಗೆಮಣೆ ತಂದ ದಿನ ನಾನು ಆ ಪಟ್ಟಿ ಕೊಯ್ದೇಬಿಟ್ಟಿದ್ದರೆ ಅದೂ ನೆನಪಾಗುತ್ತಿರಲಿಲ್ಲ.

ಆಮೇಲೆ ಅಪ್ಪಯ್ಯಣ್ಣ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ಒಂದು ಮೊಳ ಇಳಿಯುವಷ್ಟರಲ್ಲಿ ಆರಿಹೋಯಿತು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಆವಲಪ್ಪ ಗಾಡಿಯ ಮಾತು ಮತ್ತೆ ಎತ್ತಲಿಲ್ಲ.

ಆವತ್ತೇ ಮಧ್ಯಾಹ್ನ ನರ್ಸಮ್ಮನಿಗೆ ಹೇಳಿ ಕಳಿಸಿದೆವು. ಅವರು ಮಗುವನ್ನು ಪರೀಕ್ಷೆ ಮಾಡಿ, ಜಗಲಿಯ ಮೇಲೆ ನನ್ನ ಎದುರಿಗೆ ಕುಳಿತರು. ನನ್ನ ಬಾಯಿ ಇನ್ನೂ ಸುಮ್ಮನಾಗಿರಲಿಲ್ಲ.

"ಕಷ್ಟ ಯಾರಿಗೆ ಬಂದಿಲ್ಲ ಹೇಳಿ. ಪ್ಲೇಗು ಬಂದಾಗ ನಾವೂ ಊರು ಬಿಟ್ವಿ. ಹೊಲದಲ್ಲಿ ಗುಡ್ಲು ಹಾಕ್ಕೊಂಡು ಮೂರು ತಿಂಗ್ಳು ಇದ್ವಿ. ನಾವೇನು ಒಲೆಗೆ ನೀರು ಸುರಿದ್ವಾ?"

ನನ್ನ ಗಂಡ ಒಳಗಿನಿಂದಲೇ ಹೇಳಿದರು: "ಒಲೆಗೆ ಸುರೀಲಿಲ್ಲ. ಆದ್ರೆ ಹೋದ್ವರ್ಷ ಒಂದು ಸತ್ತ ಇಲಿ ಸೂರಿಂದ ಬಿತ್ತು ಅಂತ, ಬೆಲ್ಲದ ಗಡಿಗೆ ಎತ್ಕೊಂಡು ಹೊಲಕ್ಕೆ ಓಡಿದ್ಯಾರು? ನಾನು ಹೋಗಿ ಕರ್ಕೊಂಡ್ಬಂದೆ."

ಇಲಿ ಬಿದ್ದರೆ ಪ್ಲೇಗು ಎಂದು ನಮಗೆಲ್ಲ ಗೊತ್ತು. ಆದರೆ ಪ್ಲೇಗು ಬಂದು ಮೂವತ್ತು ವರ್ಷವಾಗಿದೆ. ಬೆಕ್ಕು ಕೊಂದ ಇಲಿ ಅದು. ಆದರೂ ಸತ್ತ ಇಲಿ ಕಂಡರೆ ಇಂದಿಗೂ ನನ್ನ ಕಾಲು ಹೊಲದ ಕಡೆಗೇ ತಿರುಗುತ್ತದೆ.

"ಆಗ ನಿಮ್ಮನ್ನ ಯಾರಾದ್ರೂ ಹುಚ್ಚಿ ಅಂದ್ರಾ?" ನರ್ಸಮ್ಮ ಕೇಳಿದರು.

"ಅನ್ನೋಕೆ ಧೈರ್ಯ ಬೇಕಲ್ಲ" ಎಂದರು ಅಪ್ಪಯ್ಯಣ್ಣ.

ನರ್ಸಮ್ಮ ನಕ್ಕರು. ಆಮೇಲೆ ಅಂಗಳದ ಕಡೆ ಕೈ ತೋರಿಸಿದರು.

"ಆ ಹಗೇವು ತೆಗೆದ ದಿನ ಯಾರನ್ನಾದ್ರೂ ಒಳಕ್ಕೆ ಇಳಿಸ್ತೀರಾ?"

"ಉಂಟೇ? ಗಾಳಿ ಹೋಗೋ ತನಕ ಕಾಯ್ಬೇಕು."

"ಇವರ ಮನಸ್ಸೂ ಹಂಗೇ ಮುಚ್ಚಿಟ್ಟಿದ್ದು. ನೀವು ದಿನಾ ಚಪ್ಪಡಿ ಎಬ್ಬಿಸಿ ನೇರ ತಳಕ್ಕೇ ಇಳಿಯೋಕೆ ಹೋಗ್ತಿದ್ದೀರ. ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ. ಕೇಳ್ಬೇಡಿ. ಅವರೇ ಹೇಳೋ ದಿನ ಹೇಳ್ತಾರೆ. ಹೇಳಿದ ದಿನ ನೀವು ಮಧ್ಯೆ ಬಾಯಿ ಹಾಕ್ದೆ ಕೇಳಿ."

"ಅಲ್ಲಿ ತನಕ ಕೈ ಕಟ್ಕೊಂಡು ಕೂತಿರ್ಬೇಕಾ?"

"ಕೂತ್ಕೋಬೇಡಿ. ಜೊತೇಲಿ ಕೆಲಸ ಮಾಡಿ. ಏರೋಪ್ಲೇನು ಬಂದ್ರೆ ಓಡೋಕೆ ಮುಂಚೆ ಕೈ ಹಿಡ್ಕೊಳ್ಳಿ, ಇದು ಬೆಂಗಳೂರಿನ ಏರೋಪ್ಲೇನು, ನೀನು ನಮ್ಮನೇಲಿದ್ದೀಯ ಅಂತ ಹೇಳಿ. ಸಾವಿರ ಸಲ ಹೇಳ್ಬೇಕಾದ್ರೂ ಹೇಳಿ. ಮುದ್ದೆ ಬಚ್ಚಿಟ್ರೆ ಬೈಬೇಡಿ. ನೀವೇ ಒಂದು ಡಬ್ಬ ಕೊಡಿ, ಇದು ನಿಂದು, ಯಾರೂ ಮುಟ್ಟಲ್ಲ ಅಂತ. ಮಗೂನ ಬೇರೆ ಮಕ್ಕಳ ಜೊತೆ ಆಡೋಕೆ ಬಿಡಿ. ಇನ್ನೊಂದು ಮಾತು. ಊಟ ಪೂರ್ತಿ ಬಿಟ್ರೆ, ಸತ್ತೋಗ್ತೀನಿ ಅಂತ ಏನಾದ್ರೂ ಅಂದ್ರೆ, ಒಬ್ರನ್ನೇ ಬಿಡ್ಬೇಡಿ. ಕೂಡ್ಲೇ ನಂಗೆ ಹೇಳಿ ಕಳಿಸಿ. ಇದಕ್ಕೂ ಡಾಕ್ಟರಿದ್ದಾರೆ. ನಾಚಿಕೆ ಪಡೋ ಕಾಯಿಲೆ ಅಲ್ಲ ಇದು."

ನಂಬಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹುಟ್ಟುಗುಣ ಒಂದೇ ದಿನಕ್ಕೆ ಹೋಗುವುದಿಲ್ಲ. ಆದರೆ "ದೊಡ್ಡಮ್ಮ, ಬೈಬೇಡ" ಎಂಬ ಮಾತು ಕಿವಿಯಲ್ಲಿತ್ತು. ಮಾಡಿ ನೋಡೋಣ ಎಂದುಕೊಂಡೆ.

ತವರಿನಿಂದ ತಂದ ತಗಡಿನ ಡಬ್ಬವೊಂದಿತ್ತು. ಹುರಿಹಿಟ್ಟು ತುಂಬಿ ಅಂಜಿನಮ್ಮನ ಮುಂದಿಟ್ಟೆ. "ಮುದ್ದೆ ಇರುವೆ ತಿನ್ತವೆ. ಇದನ್ನ ಇಟ್ಕೊ" ಎಂದೆ. ಅವಳು ನನ್ನ ಮುಖ ನೋಡಿದ ನೋಟದಲ್ಲಿ ಅನುಮಾನವೇ ತುಂಬಿತ್ತು. ಇದರಲ್ಲಿ ಏನು ಬೆರೆಸಿದ್ದಾಳೋ ಎಂಬ ನೋಟ. ಸರಿ, ಇದು ನನ್ನ ಪಾಲಿನದೇ ಎಂದುಕೊಂಡೆ. ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಗ ತೆಗೆದುಕೊಂಡಳು.

ವಿಮಾನ ಬಂದರೆ ಕೈ ಹಿಡಿಯುತ್ತಿದ್ದೆ. ಮೊದಮೊದಲು ಕೈ ಕಿತ್ತುಕೊಂಡು ಓಡುತ್ತಿದ್ದಳು. ಇನ್ನೂ ಎರಡು ಸಲ ಒಲೆ ಆರಿತು. ನಾನು ಹಲ್ಲು ಕಚ್ಚಿ, ಮತ್ತೆ ಒಲೆ ಹೊತ್ತಿಸಿದೆ. ದೀಪಾವಳಿಯ ಪಟಾಕಿ ಬರುತ್ತದೆಂದು ಎರಡು ದಿನ ಮೊದಲೇ ಹೇಳಿದೆ. ಅಪ್ಪಯ್ಯಣ್ಣ ಬೀದಿಯ ಮಕ್ಕಳಿಗೆ ಹೇಳಿ, ಪಟಾಕಿಯನ್ನು ಊರಾಚೆಯ ತೋಪಿನಲ್ಲಿ ಹೊಡೆಸಿದರು. ಆಶ್ಚರ್ಯವೆಂದರೆ, ಮಕ್ಕಳನ್ನು ಅಲ್ಲಿಗೆ ಅಟ್ಟಿಕೊಂಡು ಹೋದವನು ಆವಲಪ್ಪ.

ಆರು ತಿಂಗಳು ಹೀಗೆ ಹೋಯಿತು. ಒಂದು ದಿನ ಇಬ್ಬರೂ ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿ ಬೀಸುತ್ತಿದ್ದೆವು. ಎದುರುಬದುರು ಕುಳಿತರೂ, ಬೀಸುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕಣ್ಣು ಕಲ್ಲಿನ ಮೇಲಿರುತ್ತದೆ. ನಾನು ಏನೂ ಕೇಳಿರಲಿಲ್ಲ.

"ಅವರು ಬದುಕಿದ್ರು ಅಕ್ಕ" ಎಂದಳು. "ಬಿಟ್ಟು ಬಂದಾಗ ಬದುಕಿದ್ರು."

ನನ್ನ ಕೈ ನಿಲ್ಲಬೇಕೆಂದಿತು. ನಿಲ್ಲಿಸಲಿಲ್ಲ. ಬೀಸುತ್ತಲೇ ಇದ್ದೆ.

"ವಾಂತಿ ಭೇದಿ. ಬೆಟ್ಟ ಹತ್ತೋ ಕಡೆ ಬಿದ್ದೋದ್ರು. ಎರಡು ದಿನ ಕೂತಿದ್ದೆ. ಜನ ಎಲ್ಲ ಮುಂದೆ ಹೋಗ್ಬಿಟ್ರು. ಮಗೂಗೂ ಮೈ ಕಾದಿತ್ತು. ಹೋಗು ಅಂದ್ರು. ಹೋಗಲ್ಲ ಅಂದೆ. ಪಂಚೆ ಹರಿದು, ಪಟ್ಟಿ ಮಾಡಿ, ಇವಳ ಸೊಂಟಕ್ಕೂ ನನ್ನ ಸೆರಗಿಗೂ ಅವರೇ ಗಂಟು ಹಾಕಿದ್ರು. ಇದು ಬಿಚ್ಚಬ್ಯಾಡ ಅಂದ್ರು. ಪಕ್ಕದಲ್ಲಿ ಒಂದು ಬುರುಡೆ ನೀರಿಟ್ಟು ಬಂದೆ ಅಕ್ಕ. ತಿರುಗಿ ನೋಡ್ದೆ. ಕೈ ಎತ್ತಿದ್ರು. ಹೋಗು ಅಂತಾನೋ, ಬಾ ಅಂತಾನೋ ಗೊತ್ತಾಗ್ಲಿಲ್ಲ."

ಕಲ್ಲು ತಿರುಗುತ್ತಿತ್ತು. ಹಿಟ್ಟು ಸುತ್ತ ಬೀಳುತ್ತಿತ್ತು.

"ಎಲ್ಲಿಗೆ ಹೋಗ್ಲಿ ಅಂತ ಕೇಳಿದ್ದಕ್ಕೆ, ನಮ್ಮ ಅತ್ತಿಗೆ ಹತ್ರ ಹೋಗು ಅಂದ್ರು. ಅವಳೂ ನನ್ನ ಹಿಂಗೇ ಎತ್ಕೊಂಡು ಬಂದಿದ್ಲು, ಅವಳಿಗೆ ಅರ್ಥ ಆಗುತ್ತೆ ಅಂದ್ರು."

ಆಗ ನನ್ನ ಕೈ ನಿಂತಿತು.

ನಾನು ಯಾರಿಗೂ ಹೇಳದ ಸಂಗತಿ ಒಂದಿದೆ. ಪ್ಲೇಗಿನ ವರ್ಷ ನಾನು ಹತ್ತೊಂಬತ್ತರ ಸೊಸೆ. ಅತ್ತೆಗೆ ಗಡ್ಡೆ ಎದ್ದಿತ್ತು. ಊರೆಲ್ಲ ಗುಡಿಸಲಿಗೆ ಹೊರಟಿತ್ತು. ಗಂಡಸರು ಮುಂದೆ ಹೋಗಿದ್ದರು. ಅತ್ತೆ, ನಾಲ್ಕು ವರ್ಷದ ಗೋಪಾಲಪ್ಪನನ್ನು ನನ್ನ ಕಡೆ ತಳ್ಳಿ, "ಇವನ್ನ ಎತ್ಕೊಂಡು ಹೋಗು, ಹಿಂದಕ್ಕೆ ನೋಡ್ಬ್ಯಾಡ" ಎಂದರು. ಚಾಪೆಯ ಪಕ್ಕ ಒಂದು ಚೊಂಬು ನೀರಿಟ್ಟು, ಬಾಗಿಲು ಎಳೆದುಕೊಂಡು ಬಂದೆ. ಉಸಿರಿತ್ತು. ಗಂಡನಿಗೆ, ಊರಿಗೆ, ಎಲ್ಲರಿಗೂ, ನಾನು ಹೊರಡುವ ಮೊದಲೇ ಅತ್ತೆಯ ಪ್ರಾಣ ಹೋಗಿತ್ತು ಎಂದು ಹೇಳಿದೆ. ಸೊಂಟದ ಮೇಲಿದ್ದ ಮಗುವಿಗೆ ಏನೂ ನೆನಪಿರುವುದಿಲ್ಲ ಎಂದುಕೊಂಡಿದ್ದೆ. ಅವನು ನೆನಪಿಟ್ಟುಕೊಂಡಿದ್ದ. ನನ್ನ ಮರ್ಯಾದೆ ಉಳಿಸಲು ಬಾಯಿ ಬಿಟ್ಟಿರಲಿಲ್ಲ.

ಮೂವತ್ತು ವರ್ಷ ಯಾರಾದರೂ ನನ್ನನ್ನು ದಿನಕ್ಕೊಮ್ಮೆ, "ಅತ್ತೇನ ಎಲ್ಲಿ ಬಿಟ್ಟು ಬಂದೆ" ಎಂದು ಕೇಳಿದ್ದರೆ ನಾನು ಇಷ್ಟು ಹೊತ್ತಿಗೆ ಬಾವಿ ಪಾಲಾಗಿರುತ್ತಿದ್ದೆ. ಅದನ್ನೇ ನಾನು ಇವಳಿಗೆ ಮಾಡಿದ್ದೆ. ನನ್ನ ಹತ್ತಿರ ಕಳಿಸಿದರೆ ಅರ್ಥವಾಗುತ್ತದೆ ಎಂದು ಅವನು ಕಳಿಸಿದ್ದ.

ಅಂಜಿನಮ್ಮನಿಗೆ ಎಲ್ಲವನ್ನೂ ಹೇಳಿದೆ. ಇಬ್ಬರೂ ಅತ್ತೆವು. ಹಿಟ್ಟಿನ ಕೈಯಲ್ಲೇ ಅವಳ ಮುಖ ಒರೆಸಿದೆ.

"ಕುಂಕುಮ ಇಟ್ಕೊಳ್ಲಾ, ಬ್ಯಾಡ್ವಾ ಅಕ್ಕ?" ಎಂದಳು.

"ನಿಂಗೆ ಬೇಕು ಅನ್ನೋವರ್ಗೂ ಇಟ್ಕೊ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು" ಎಂದೆ. ನನ್ನ ಬಾಯಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಿತು.

ಅಂಜಿನಮ್ಮ ಪೂರಾ ಗುಣವಾಗಿದ್ದಾಳೆಂದು ಹೇಳಲಾರೆ. ವಿಮಾನ ಬಂದರೆ ಇಂದಿಗೂ ಕಂಬ ಹಿಡಿದುಕೊಳ್ಳುತ್ತಾಳೆ. ಆದರೆ ಒಲೆ ಆರುವುದಿಲ್ಲ. ಹೋದ ಸೋಮವಾರ ಪಿಳ್ಳಮ್ಮ ಶಾಲೆಗೆ ಸೇರಿದಳು. ಬಾಗಿಲಲ್ಲಿ ಅಂಜಿನಮ್ಮ ತಾನೇ ಕುಳಿತು ಗಂಟು ಬಿಚ್ಚಿದಳು, ಬಹಳ ಹೊತ್ತು ಹಿಡಿಯಿತು. ಪಟ್ಟಿಯನ್ನು ಮಡಿಸಿ, ಆ ತಗಡಿನ ಡಬ್ಬದಲ್ಲಿ ಇಟ್ಟಳು.

ಓದುವ ಅಮ್ಮಂದಿರೇ, ಅಣ್ಣಂದಿರೇ, ಬರ್ಮಾದಿಂದ ನಡೆದು ಬಂದವರು ನಿಮ್ಮ ಊರಿನಲ್ಲೂ ಇರಬಹುದು. ಸೂಲಿಬೆಲೆಯಲ್ಲಿದ್ದಾರೆ, ಅನುಗೊಂಡನಹಳ್ಳಿಯ ಕಡೆಯೂ ಇದ್ದಾರೆಂದು ನರ್ಸಮ್ಮ ಹೇಳುತ್ತಾರೆ. ಅವರು ಅನ್ನ ಬಚ್ಚಿಟ್ಟರೆ ಕಳ್ಳರೆನ್ನಬೇಡಿ. ಮಾತಾಡದಿದ್ದರೆ ಕಪಟಿ ಎನ್ನಬೇಡಿ. ಬೆಚ್ಚಿದರೆ ದೆವ್ವ ಹಿಡಿದಿದೆಯೆಂದು ಹೊಡೆಸಬೇಡಿ. ಊಟ, ನಿದ್ದೆ ಬಿಟ್ಟು ಕುಳಿತರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜೊತೆಯಲ್ಲೇ ಇರಿ. ಹಗೇವಿಗೆ ಒಂದು ದಿನ ಕಾಯುವ ನಾವು, ಮನುಷ್ಯರಿಗೆ ಒಂದು ವರ್ಷ ಕಾಯಲಾರೆವೇ?

ನಾನು ಬಾಗಿಲಲ್ಲಿ ನಿಂತು "ಎಲ್ಲೇ ಅವನು" ಎಂದು ಕೇಳಿದೆ. ನಿಮ್ಮ ಬಾಗಿಲಿಗೆ ಅಂಥವರು ಬಂದರೆ, ಮೊದಲು ಕಾಲಿಗೆ ನೀರು ಕೊಡಿ, ಊಟವಾಯಿತೇ ಎಂದು ಕೇಳಿ. ಉಳಿದದ್ದನ್ನು ಅವರು ಹೇಳುವ ದಿನ ಹೇಳುತ್ತಾರೆ.